ಊರ ಗುಡಿಯೂ ಊರ ವಾಡೆಯೂ

ಇಂಗ್ಲೆಂಡಿನ ಯಾವ ಹಳ್ಳಿಯ ಚರಿತ್ರೆಯ ಪುಸ್ತಕವನ್ನು ತೆಗೆದು ನೋಡಿದರೂ ಅದರಲ್ಲಿ ಎರಡು ಕಟ್ಟಡಗಳ ವರ್ಣನೆಯು ತಪ್ಪದೆ ಇರುತ್ತದೆ. ಒಂದು ಆ ಊರಿನ ಚರ್ಚು. ಮತ್ತೊಂದು ಆ ಊರಿನ ಜಮೀನುದಾರನ ಹಿರಿಯ ಮನೆ. ಈ ಎರಡನೆಯದಕ್ಕೆ ಅವರು ಮೇನರ್ ಎಂದು ಹೆಸರಿಟ್ಟಿರುವರು. 1086ರಲ್ಲಿ ವಿಲಿಯಂ ದೊರೆಯು ತಾನು ಗೆದ್ದ ನಾಡಿನ ಊರೂರುಗಳ ಲೆಕ್ಕವನ್ನು ಬರೆಯಿಸಿದನು. ಯಾವ ಊರು ಯಾರ ಕೈಯಲ್ಲಿದೆ, ಅದರಲ್ಲಿ ಎಷ್ಟು ನೇಗಿಲು, ಎಷ್ಟು ಗಿರಣಿ ಎಂಬುದೆಲ್ಲ ಆ ದಫ್ತರದಲ್ಲಿ ಇಂದಿಗೂ ಓದಲು ಸಿಗುತ್ತದೆ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು ಪ್ರತಿಯೊಂದು ಚರ್ಚಿನಲ್ಲಿಯೂ ಒಂದು ವಹಿಯನ್ನಿಟ್ಟು ಊರಿನ ನಾಮಕರಣ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಆಜ್ಞೆ ಮಾಡಿಸಿದನು. ಅಂದಿನಿಂದ ಜಮೀನುದಾರನ ಮಗನ ಹೆಸರಿನ ಕೆಳಗೆಯೇ ಅವನ ದನ ಕಾಯುವವನ ಮಗನ ಹೆಸರೂ ಒಂದೇ ಮಸಿಯಲ್ಲಿ ಬರೆಯಲ್ಪಡುತ್ತ ಬಂದಿತು.

ಇದನ್ನು ಓದಿದ ನಮ್ಮ ತರುಣರು, "ನಮ್ಮ ಹಳ್ಳಿಗಳಿಗೆ ಇಂತಹ ಚರಿತ್ರೆಯೆಲ್ಲಿಯದು?" ಎಂದು ಕೇಳುವುದುಂಟು. ಕೃಷ್ಣಾ, ವೇದಗಂಗಾ, ದೂಧಗಂಗಾ ನದಿಗಳ ನೀರು ಕುಡಿಯುವ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಗಳಲ್ಲಿಯೂ, ಈಚೆಗೆ ಬೇರೆ ತಾಲೂಕುಗಳಾದ ನಿಪ್ಪಾಣಿ, ಕಾಗವಾಡಗಳಲ್ಲಿಯೂ ಒಮ್ಮೆ ಕಣ್ಣು ತೆರೆದು ತಿರುಗಿದವನು ಈ ಪ್ರಶ್ನೆಯನ್ನು ಕೇಳಲಾರನು. ನಮ್ಮಲ್ಲಿಯೂ ಊರೆಂದರೆ ಎರಡು ಮನೆಗಳು: ದೇವರಿರುವುದು ಗುಡಿ, ದೊರೆಯಿರುವುದು ವಾಡೆ. ಗುಡಿಯೆಂಬುದು ನಮ್ಮ ಅಚ್ಚಗನ್ನಡದ ಮಾತು. ವಾಡೆಯು ಸಂಸ್ಕೃತದ ವಾಟ ಶಬ್ದದಿಂದ ಹುಟ್ಟಿ, ಮರಾಠಿಯ ಬಾಯಲ್ಲಿ ವಾಡಾ ಆಗಿ ನಮ್ಮೆಡೆಗೆ ಬಂದಿತು. ಸುತ್ತಲೂ ಗೋಡೆಯಿಂದ ಆವೃತವಾದ ಸ್ಥಳವೆಂಬುದೇ ಅದರ ಮೂಲಾರ್ಥ. ಈ ಎರಡು ಮನೆಗಳ ಆಯುಷ್ಯದಲ್ಲಿ ಇರುವ ಅಂತರವೇ ಈ ಲೇಖನದ ವಿಷಯವು.

ಮೊದಲು ಗುಡಿಯನ್ನು ನೋಡೋಣ. ಕಾಗವಾಡ ತಾಲೂಕಿನ ಜುಗೂಳದ ದಂಡೆಯಲ್ಲಿ ನಿಂತರೆ ಕೃಷ್ಣೆಯ ಆಚೆಗೆ ಖಿದ್ರಾಪುರವು ಕಾಣುತ್ತದೆ. ರಾಜ್ಯಗಳ ಗಡಿಯನ್ನು ಎಳೆದಾಗ ಅದು ಮಹಾರಾಷ್ಟ್ರದ ಶಿರೋಳ ತಾಲೂಕಿನಲ್ಲಿ ಉಳಿಯಿತು. ಆದರೆ ಅಲ್ಲಿಯ ಕೋಪೇಶ್ವರ ದೇವಾಲಯದ ಕಲ್ಲುಗಳಲ್ಲಿ ಕನ್ನಡ ಶಾಸನಗಳೇ ಹೆಚ್ಚು. ಶಿಲಾಹಾರರ ಕಾಲದಲ್ಲಿ ಬೆಳೆದ ಈ ದೇವಾಲಯದ ಮುಂಭಾಗದಲ್ಲಿ ಸ್ವರ್ಗಮಂಟಪವೆಂಬ ವಿಚಿತ್ರವಾದ ರಚನೆಯೊಂದುಂಟು. 48 ಕಂಬಗಳ ಈ ಮಂಟಪದ ನಡುಮಧ್ಯಕ್ಕೆ ಮೇಲ್ಛಾವಣಿಯೇ ಇಲ್ಲ. 12 ಕಂಬಗಳ ವರ್ತುಲದ ಮೇಲೆ ಆಕಾಶವು ತೆರೆದಿದೆ. ಕೆಳಗೆ ನಿಂತು ತಲೆಯೆತ್ತಿದವನಿಗೆ ಶಿಲ್ಪಿಯು ಕಟ್ಟದೆ ಬಿಟ್ಟ ಸ್ಥಳವೇ ಕಟ್ಟಿದ ಸ್ಥಳಕ್ಕಿಂತ ಹೆಚ್ಚಿನ ಮಾತನ್ನಾಡುವಂತೆ ತೋರುತ್ತದೆ. ಕಾರ್ತಿಕ ಹುಣ್ಣಿಮೆಯ ನಡುರಾತ್ರಿಯಲ್ಲಿ ಚಂದ್ರನು ಈ ಗವಾಕ್ಷದ ನೇರಕ್ಕೆ ಬರುವುದನ್ನು ನೋಡಲು ಜನರು ನೆರೆಯುತ್ತಾರೆ.

ಈ ಶಿವಾಲಯದಲ್ಲಿ ನಂದಿಯಿಲ್ಲ. ದಾಕ್ಷಾಯಣಿಯು ತಂದೆಯ ಯಜ್ಞಕ್ಕೆ ಹೊರಟಾಗ ನಂದಿಯು ಅವಳನ್ನು ಹೊತ್ತು ಹೋದನೆಂದೂ, ಸತಿಯನ್ನು ಕಳೆದುಕೊಂಡು ಕೋಪಗೊಂಡ ಶಿವನನ್ನು ವಿಷ್ಣುವು ಇಲ್ಲಿ ಸಮಾಧಾನಪಡಿಸಿದನೆಂದೂ, ಆದುದರಿಂದಲೇ ದೇವರಿಗೆ ಕೋಪೇಶ್ವರನೆಂಬ ಹೆಸರು ಬಂದಿತೆಂದೂ ಜನರು ಹೇಳುತ್ತಾರೆ. ಗರ್ಭಗೃಹದಲ್ಲಿ ವಿಷ್ಣುವೂ ಧೋಪೇಶ್ವರನೆಂಬ ಹೆಸರಿನಿಂದ ಪೂಜೆಗೊಳ್ಳುತ್ತಾನೆ. ಹೋದ ನಂದಿಯಾದರೂ ಎಲ್ಲಿ? ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ! ದಕ್ಷನ ಯಜ್ಞವನ್ನು ಧ್ವಂಸಮಾಡಿದ ವೀರಭದ್ರನ ಪ್ರಸಿದ್ಧ ಕ್ಷೇತ್ರವೂ ಅದೇ ಯಡೂರು. ಹೀಗೆ ಒಂದು ಪುರಾಣಕಥೆಯು ನದಿಯ ದಂಡೆಗುಂಟ ಹಳ್ಳಿಯಿಂದ ಹಳ್ಳಿಗೆ ಹಂಚಿಹೋಗಿದೆ. ಇದು ಚರಿತ್ರೆಯಲ್ಲವೆಂದು ಮೂಗು ಮುರಿಯುವವರು ಮುರಿಯಲಿ. ಈ ಊರುಗಳು ಎಷ್ಟು ಶತಮಾನಗಳಿಂದ ಒಂದಕ್ಕೊಂದು ನಂಟಾಗಿದ್ದವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯು ನನಗೆ ಕಾಣದು.

ಇನ್ನು ಕಲ್ಲಿನ ಸಾಕ್ಷಿ. ದೇವಗಿರಿಯ ಯಾದವ ಅರಸನಾದ ಸಿಂಘಣನು ಶಕ 1136ರಲ್ಲಿ, ಎಂದರೆ ಕ್ರಿ.ಶ. 1213-14ರಲ್ಲಿ, ಮಿರಿಂಜಿ ದೇಶದ ಕೂಡಲ-ದಾಮವಾಡವೆಂಬ ಹಳ್ಳಿಯನ್ನು ಕೋಪೇಶ್ವರನಿಗೆ ದತ್ತಿಯಾಗಿ ಬಿಟ್ಟ ಸಂಗತಿಯನ್ನು ಅಲ್ಲಿಯ ದೇವನಾಗರಿ ಲಿಪಿಯ ಸಂಸ್ಕೃತ ಶಾಸನವು ಹೇಳುತ್ತದೆ. ಮಿರಿಂಜಿಯೆಂದರೆ ನಮ್ಮ ಇಂದಿನ ಮಿರಜವು. ವಾಚಕರು ಇಲ್ಲಿ ಒಂದು ವಿಚಾರವನ್ನು ಗಮನಿಸಬೇಕು. ಇಂತಹ ದಾನಗಳನ್ನು ನಮ್ಮ ಅರಸರು ಆಚಂದ್ರಾರ್ಕವಾಗಿ, ಸೂರ್ಯಚಂದ್ರರಿರುವವರೆಗೆ, ಎಂದು ಕೊಡುತ್ತಿದ್ದರು. ಕೈಯಲ್ಲಿ ನೀರು ಹಿಡಿದು ಧಾರಾಪೂರ್ವಕವಾಗಿ ಬಿಟ್ಟುದನ್ನು ಕೊಟ್ಟವನ ಮಗನೂ ಹಿಂದಕ್ಕೆ ಪಡೆಯಲಾರನು. ಅದನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪವನ್ನು ಶಾಸನದ ಕೊನೆಯಲ್ಲಿ ಕೆತ್ತಿಸುವುದು ಈ ನಾಡಿನ ವಾಡಿಕೆಯಾಗಿತ್ತು. ದಾನವನ್ನು ಪಡೆದವನಾದರೋ ದೇವರು. ಅವನಿಗೆ ಮುಪ್ಪಿಲ್ಲ, ಮರಣವಿಲ್ಲ, ಮಕ್ಕಳಿಲ್ಲವೆಂಬ ಚಿಂತೆಯೂ ಇಲ್ಲ. ಉತ್ತರಾಧಿಕಾರಿಯ ಪ್ರಶ್ನೆಯೇ ಹುಟ್ಟದ ಒಡೆಯನೆಂದರೆ ಅವನೊಬ್ಬನೇ.

ಗುಡಿಗಳ ಕಲ್ಲುಗಳಿಗೆ ಮತ್ತೊಂದು ಗುಣವಿದೆ. ಲೋಕವು ಮರೆತುಬಿಟ್ಟುದನ್ನೂ ಅವು ನೆನಪಿಟ್ಟುಕೊಳ್ಳುತ್ತವೆ. ಜೈನರಲ್ಲಿ ಯಾಪನೀಯ ಸಂಘವೆಂಬ ಒಂದು ಪಂಗಡವು ಕರ್ನಾಟಕದಲ್ಲಿ ಬಹುಕಾಲ ಪ್ರಬಲವಾಗಿದ್ದಿತು. ಅದರ ಮುನಿಗಳು ದಿಗಂಬರರಂತೆ ವಸ್ತ್ರವನ್ನು ತ್ಯಜಿಸಿದವರು. ಆದರೂ ಸ್ತ್ರೀಯರಿಗೆ ಸ್ತ್ರೀಜನ್ಮದಲ್ಲಿಯೇ ಮೋಕ್ಷವುಂಟೆಂದು ಶ್ವೇತಾಂಬರರಂತೆ ನಂಬಿದವರು. ಇಂತಹ ಉದಾರಮತದ ಪಂಗಡವು ಮುಂದೆ ಹೆಸರೂ ಉಳಿಯದಂತೆ ಅಡಗಿಹೋಯಿತು. ಅದರ ಕೊನೆಗಾಲದ ಕುರುಹುಗಳಲ್ಲೊಂದು ಎಲ್ಲಿದೆಯೆಂದರೆ, ನಮ್ಮ ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿ. ಶಕ 1316ರ (ಕ್ರಿ.ಶ. 1394) ಆ ಶಾಸನದಲ್ಲಿ ಯಾಪನೀಯ ಗುರುಗಳ ಹೆಸರುಗಳಿವೆ. ಅದರ ಮಹತ್ವವನ್ನು ವಿದ್ವತ್ಪ್ರಪಂಚಕ್ಕೆ ತಿಳಿಯಪಡಿಸಿದ ಡಾ. ಆ. ನೇ. ಉಪಾಧ್ಯೆಯವರು (1906–1975) ಪರಸ್ಥಳದವರಲ್ಲ. ಚಿಕ್ಕೋಡಿ ತಾಲೂಕಿನ ಸದಲಗಿಯಲ್ಲಿ ಹುಟ್ಟಿದವರು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಕಲಿಸಿದವರು. ಮನೆಯ ಹಿತ್ತಲಿನ ಗಿಡಮೂಲಿಕೆಯ ಗುಣವನ್ನು ಮನೆಯ ಮಗನೇ ತಿಳಿಸಿದಂತಾಯಿತು.

ಇನ್ನು ವಾಡೆಯ ಕಡೆಗೆ ಹೊರಳೋಣ. ಈ ಸೀಮೆಯ ವಾಡೆಯನ್ನು ಹೊರಗಿನಿಂದ ಕಂಡವನಿಗೆ ಮೊದಲು ಕಾಣುವುದು ಮೊಳೆ ಜಡಿದ ಹೆಬ್ಬಾಗಿಲು, ಆ ಬಾಗಿಲಲ್ಲಿಯೇ ತಲೆ ಬಗ್ಗಿಸಿ ಹೋಗಬೇಕಾದ ಒಂದು ದಿಂಡಿ ಬಾಗಿಲು. ಒಳಗೆ ಹೊಕ್ಕರೆ ಎರಡೂ ಬದಿಗೆ ಪಹರೆಯವರು ಕೂಡುತ್ತಿದ್ದ ಕಟ್ಟೆ. ಮುಂದೆ ಆಕಾಶಕ್ಕೆ ತೆರೆದ ಚೌಕ. ಅದರ ಸುತ್ತಲೂ ಸಾಗವಾನಿ ಕಂಬಗಳ ಪಡಸಾಲೆ. ಒಂದು ಮೂಲೆಯಲ್ಲಿ ಕಚೇರಿ ಮತ್ತು ದಫ್ತರದ ಕೋಣೆ. ನೆಲದಲ್ಲಿ ಜೋಳ ತುಂಬುವ ಹಗೇವು. ಗೋಡೆಗಳು ಬೇಸಗೆಯ ಉರಿಯೂ ಶತ್ರುವಿನ ಗುಂಡೂ ಒಳಗೆ ಬಾರದಷ್ಟು ದಪ್ಪ. ವಾಡೆಯ ಒಡೆಯನು ಊರಗೌಡನೋ, ದೇಸಾಯಿಯೋ, ಸರದಾರನೋ ಆಗಿರಬಹುದು. ಊರಿನ ವರ್ಷವೆಲ್ಲ ಅವನ ಬಾಗಿಲಿಂದಲೇ ಆರಂಭವಾಗುತ್ತಿತ್ತು. ಕಾರಹುಣ್ಣಿಮೆಯ ದಿನ ಅವನ ಎತ್ತುಗಳು ಮುಂದಾಗಿ ಕರಿ ಹರಿಯಬೇಕು. ದಸರೆಯಲ್ಲಿ ಬನ್ನಿಯನ್ನು ಮೊದಲು ಅವನು ಮುಡಿಯಬೇಕು. ಜಾತ್ರೆಯ ತೇರಿಗೆ ಮೊದಲ ಕಾಯಿ ಅವನದು. ಗುಡಿಯ ಮಾನಪಾನಗಳಿಂದ ವಾಡೆಗೆ ಗೌರವ, ವಾಡೆಯ ಬೆಂಬಲದಿಂದ ಗುಡಿಗೆ ವೈಭವ. ಹೀಗೆ ಒಂದರ ಭಾರವನ್ನು ಮತ್ತೊಂದು ಹೊತ್ತಿತ್ತು.

ಈ ಪ್ರಾಂತದ ವಾಡೆಗಳಲ್ಲೆಲ್ಲ ದೊಡ್ಡ ಹೆಸರು ನಿಪ್ಪಾಣಿಯದು. ಅದರ ಒಡೆಯನಾದ ಸಿದ್ದೋಜಿರಾವ ನಿಂಬಾಳಕರನು ಅಪ್ಪಾ ದೇಸಾಯಿ ನಿಪ್ಪಾಣಕರನೆಂದು ಪ್ರಸಿದ್ಧನು. ಸರಲಷ್ಕರವೆಂಬುದು ಅವನ ಬಿರುದು. ಎರಡನೆಯ ಬಾಜೀರಾವ ಪೇಶವೆಯನ್ನು ಪುಣೆಯ ಗದ್ದುಗೆಯ ಮೇಲೆ ಮರಳಿ ಕುಳ್ಳಿರಿಸಲು 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯು ದಂಡೆತ್ತಿ ನಡೆದಾಗ ಅಪ್ಪಾ ದೇಸಾಯಿಯ ಕುದುರೆಸವಾರರು ಅವನ ಸಂಗಡವಿದ್ದರು. ಹನ್ನೆರಡು ವರ್ಷಗಳ ಮೇಲೆ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿಯು ಇದೇ ವೆಲ್ಲೆಸ್ಲಿ. ಮುಂದೆ ಸಿದ್ದೋಜಿರಾವನು ಕೊಲ್ಹಾಪುರದವರೊಡನೆ ಕಾದಾಡಿ ಚಿಕ್ಕೋಡಿ, ಮನೋಳಿ ಸೀಮೆಗಳನ್ನು ಕಿತ್ತುಕೊಂಡನು. 1818ರಲ್ಲಿ ಪೇಶವಾಯಿಯು ಮುಳುಗಿತು. ಕಂಪನಿ ಸರಕಾರವು ಆ ಎರಡೂ ಸೀಮೆಗಳನ್ನು ಅವನಿಂದ ತೆಗೆದು ಕೊಲ್ಹಾಪುರಕ್ಕೆ ಹಿಂದಿರುಗಿಸಿತು. ಹೀಗಾದರೂ ನಿಪ್ಪಾಣಿಯು ಅವನ ಕೈಯಲ್ಲಿ ಉಳಿಯಿತು. ದಂಡು, ಕೋಟೆ, ಐಶ್ವರ್ಯಗಳೂ ಉಳಿದವು. ಇಲ್ಲದುದು ಒಂದೇ, ಮಗ.

ಮಗನಿಲ್ಲದ ಸರದಾರನ ಮನೆಯಲ್ಲಿ ಏನು ನಡೆದೀತೆಂಬುದನ್ನು ಸಂಸಾರಸ್ಥರು ಊಹಿಸಬಲ್ಲರು. ಅನೇಕ ಹೆಂಡಂದಿರು, ಹರಕೆ, ವ್ರತ, ತೀರ್ಥಯಾತ್ರೆ, ದಾಯಾದಿಗಳ ಲೆಕ್ಕಾಚಾರ, ದಾಸಿಯರ ಪಿಸುಮಾತು. ಕೊನೆಗೊಮ್ಮೆ ರಾಣೀವಾಸದಲ್ಲಿ ಕೂಸು ಹುಟ್ಟಿತೆಂಬ ಸುದ್ದಿಯು ಹೊರಬಿದ್ದಿತು. ಆದರೆ ಹೆತ್ತಳೆಂದು ಹೇಳಲಾದ ರಾಣಿಯು ಹೆರುವ ವಯಸ್ಸನ್ನು ದಾಟಿದವಳೆಂದೂ, ಕೂಸು ಬೇರೆಯವರದೆಂದೂ ಕಂಪನಿಯ ಅಧಿಕಾರಿಗಳು ವಿಚಾರಣೆ ಮಾಡಿ ನಿರ್ಣಯಿಸಿದರು. ಸಿದ್ದೋಜಿರಾವನ ತರುವಾಯ ಸಂಸ್ಥಾನವು ಮುಂದುವರಿಯಲಾರದೆಂದು ಆಗಲೇ ತಿಳಿಸಿಬಿಟ್ಟರು. ಈ ಪ್ರಕರಣವನ್ನು ಓದುವಾಗಲೆಲ್ಲ ನನಗೆ ಮೋಸಕ್ಕಿಂತ ಹೆಚ್ಚಾಗಿ ಆ ಮುದಿರಾಣಿಯ ಭೀತಿಯೇ ಕಣ್ಣಿಗೆ ಕಟ್ಟುತ್ತದೆ. ಪತಿಯು ಕಣ್ಣು ಮುಚ್ಚಿದ ಮರುದಿನ ತಾನು ಯಾವ ಮನೆಯಲ್ಲಿ, ಯಾರ ಹಂಗಿನಲ್ಲಿ ಬಾಳಬೇಕೆಂಬ ಪ್ರಶ್ನೆಯು ಅವಳ ಮುಂದೆ ನಿಂತಿತ್ತು.

ದತ್ತಕ ಪುತ್ರನನ್ನೇಕೆ ತೆಗೆದುಕೊಳ್ಳಬಾರದಾಗಿತ್ತೆಂದು ವಾಚಕರು ಕೇಳಬಹುದು. ಇಲ್ಲಿಯೇ ಇರುವುದು ತೊಡಕು. ನಮ್ಮ ಧರ್ಮಶಾಸ್ತ್ರವು ಔರಸನೇ ಮೊದಲಾಗಿ 12 ಬಗೆಯ ಪುತ್ರರನ್ನು ಎಣಿಸುತ್ತದೆ. ಅವರಲ್ಲಿ ದತ್ತಕನೂ ಒಬ್ಬನು. ದಾಯಭಾಗದ ವಿಷಯದಲ್ಲಿ ಭರತಖಂಡದ ಬಹುಭಾಗಕ್ಕೆ ಪ್ರಮಾಣವಾದ ಮಿತಾಕ್ಷರಾ ಗ್ರಂಥವು ನಮ್ಮ ಕಲ್ಯಾಣದಲ್ಲಿಯೇ, ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ, ವಿಜ್ಞಾನೇಶ್ವರನಿಂದ ರಚಿತವಾಯಿತು. ಕಂಪನಿಯ ನ್ಯಾಯಾಲಯಗಳೂ ಆ ಗ್ರಂಥವನ್ನೇ ತಲೆಯ ಮೇಲಿಟ್ಟುಕೊಂಡವು. ಹಾಗಿದ್ದರೂ ಅವರು ಒಂದು ಭೇದವನ್ನು ಮುಂದೆ ಮಾಡಿದರು. ಮನೆಮಾರು, ಬಂಗಾರ, ಬೆಳ್ಳಿಗಳಿಗೆ ದತ್ತಕನು ಒಡೆಯನಾಗಬಹುದು, ಸರಂಜಾಮು ಹಾಗಲ್ಲ. ಅದು ಇಷ್ಟು ಸವಾರರನ್ನು ಸಾಕಿ ಸರಕಾರದ ಚಾಕರಿ ಮಾಡೆಂದು ಕೊಟ್ಟ ಉಂಬಳಿ; ಚಾಕರಿಯು ತೀರಿದೊಡನೆ, ಇಲ್ಲವೆ ವಂಶವು ಕಡಿದೊಡನೆ, ಕೊಟ್ಟವನಿಗೇ ಮರಳತಕ್ಕದ್ದು. ದೊರೆಯ ಅಪ್ಪಣೆಯಿಲ್ಲದೆ ಪಡೆದ ದತ್ತಕಕ್ಕೆ ಅದು ಸಲ್ಲದು. ವಿಜ್ಞಾನೇಶ್ವರನು ಕೊಟ್ಟುದನ್ನು ಈ ಒಂದು ಮಾತು ಕಸಿದುಕೊಂಡಿತು.

ಈ ನ್ಯಾಯದ ಮೊದಲ ಪೆಟ್ಟನ್ನು ಬೆಳಗಾವಿ ಜಿಲ್ಲೆಯೇ ಕಂಡುದು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಸಾಯುವ ಕಾಲಕ್ಕೆ ತೆಗೆದುಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ಒಪ್ಪಿಸಿಕೊಡಲಿಲ್ಲ. ಅಕ್ಟೋಬರ 23ರಂದು ಥ್ಯಾಕರೆಯು ಕೋಟೆಯ ಮುಂದೆ ಮಡಿದನು. ಡಿಸೆಂಬರದಲ್ಲಿ ಕಿತ್ತೂರು ಬಿದ್ದಿತು. ಆ ಕಥೆಯನ್ನು ನಾವೆಲ್ಲರೂ ಬಲ್ಲೆವು. ಲಾವಣಿಗಳು ಅದನ್ನು ಮನೆಮನೆಗೆ ಮುಟ್ಟಿಸಿವೆ. ನಿಪ್ಪಾಣಿಯ ಸರದಿಯು 1839ರಲ್ಲಿ ಸಿದ್ದೋಜಿರಾವನ ಮರಣದೊಡನೆ ಬಂದಿತು. ಸಂಸ್ಥಾನವು ಖಾಲಸಾ ಆಯಿತು. 1841ರಲ್ಲಿ ಅರಬ ಸಿಪಾಯಿಗಳು ನಿಪ್ಪಾಣಿಯ ಕೋಟೆಯನ್ನು ಹಿಡಿದು ದಂಗೆಯೆದ್ದಾಗ ಬೆಳಗಾವಿಯಿಂದ ಬಂದ ದಂಡು ಅವರನ್ನು ಅಡಗಿಸಿತು. ಸಾತಾರೆಯನ್ನು 1848ರಲ್ಲಿ ಖಾಲಸಾ ಮಾಡಿದ ಡಾಲಹೌಸಿಯ ಹೆಸರಿಗೆ ಈ ನೀತಿಯನ್ನು ನಮ್ಮ ಪಠ್ಯಪುಸ್ತಕಗಳು ಅಂಟಿಸುತ್ತವೆ. ಕಿತ್ತೂರು, ನಿಪ್ಪಾಣಿಗಳವರು ಅವನಿಗಿಂತ ಮೊದಲೇ ಅದರ ರುಚಿಯನ್ನು ಉಂಡಿದ್ದರು. ಕಾಗವಾಡದ ಸಮೀಪದ ಶೇಡಬಾಳದ ಪಟವರ್ಧನ ಜಹಗೀರಿಯೂ 1857ರಲ್ಲಿ ವಾರಸುದಾರರಿಲ್ಲದೆ ಹೋಯಿತು. ಐದೇ ವರ್ಷಗಳ ಮೇಲೆ, 1862ರಲ್ಲಿ, ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಸರಕಾರವೇ ಕರೆದು ಕರೆದು ಹಂಚಿತು! ಬೆಂಕಿಯು ಹತ್ತಿದ ಮೇಲೆ ಬಂದ ಬುದ್ಧಿಯದು.

ದೊಡ್ಡ ವಾಡೆಗಳು ಹೀಗೆ ಮಗನಿಲ್ಲದೆ ಹೋದವು. ಚಿಕ್ಕ ವಾಡೆಗಳು ಮಕ್ಕಳಿದ್ದೂ ಹೋದವು. ಸ್ವಾತಂತ್ರ್ಯದ ಮೇಲೆ, ಮುಂಬಯಿ ಸರಕಾರದ 1950ರ ಕಾನೂನಿನಿಂದ ಪರಗಣೆ ಮತ್ತು ಕುಲಕರ್ಣಿ ವತನಗಳು 1951ರ ಮೇ 1ರಂದು ರದ್ದಾದವು. 1961ರಲ್ಲಿ ಆದ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ಗೌಡಕಿಯನ್ನು ಕೊನೆಗಾಣಿಸಿತು. ತಲೆತಲಾಂತರದ ಲೇಖಣಿಕೆಯು ತಲಾಠಿಯ ಕೈಗೆ ಹೋಯಿತು. ಅಣ್ಣತಮ್ಮಂದಿರ ಪಾಲಿನಲ್ಲಿ ಚೌಕದ ನಡುವೆ ಗೋಡೆಯೆದ್ದಿತು. ಸಾಗವಾನಿ ಕಂಬಗಳು ಮಾರಾಟವಾದವು. ಗುಡಿಯ ದತ್ತಿಗಳೂ ಅರಸರು ಬದಲಾದಂತೆ ಏರುಪೇರಾದುವೆಂಬುದು ನಿಜವೇ. ಆದರೂ ಗುಡಿಯು ಬಿದ್ದರೆ ಊರವರು ವರ್ಗಣಿ ಎತ್ತಿ ಕಟ್ಟುವರು. ವಾಡೆಯು ಬಿದ್ದರೆ ಕಲ್ಲನ್ನು ಹೊತ್ತುಕೊಂಡು ಹೋಗುವರು.

ಇಲ್ಲಿಯವರೆಗೆ ಹೇಳಿದುದು ಒಳಗಿನವರ ಮಾತಾಯಿತು. ಗುಡಿಯ ಹೊಸ್ತಿಲನ್ನು ದಾಟಗೊಡದೆ, ವಾಡೆಯ ಕಟ್ಟೆಯ ಕೆಳಗೆ ನಿಲ್ಲಿಸಿದ ಜನರೂ ಊರಿನಲ್ಲಿದ್ದರಷ್ಟೆ. ಅವರ ಬಿಟ್ಟಿ ಚಾಕರಿಯಿಲ್ಲದೆ ಗುಡಿಯ ತೇರೂ ಎಳೆಯುತ್ತಿರಲಿಲ್ಲ, ವಾಡೆಯ ಕಾಗದವೂ ಮುಂದಿನ ಊರಿಗೆ ಮುಟ್ಟುತ್ತಿರಲಿಲ್ಲ. ಸರಲಷ್ಕರನ ಅದೇ ನಿಪ್ಪಾಣಿಯಲ್ಲಿ 1925ರ ಏಪ್ರಿಲದಲ್ಲಿ ಮುಂಬಯಿ ಇಲಾಖೆಯ ಬಹಿಷ್ಕೃತ ಪರಿಷತ್ತು ನೆರೆಯಿತು. 35ನೆಯ ವರ್ಷಕ್ಕೆ ಕಾಲಿರಿಸುತ್ತಿದ್ದ ಡಾ. ಅಂಬೇಡಕರರು ಅದರ ಅಧ್ಯಕ್ಷರಾಗಿದ್ದರು. ನಿಪ್ಪಾಣಿಯ ಚರಿತ್ರೆಯನ್ನು ಬರೆಯುವವರು 1803ರ ದಂಡಯಾತ್ರೆಗೆ ಹತ್ತು ಪುಟ ಕೊಟ್ಟರೆ ಈ ಎರಡು ದಿನಗಳ ಸಭೆಗೆ ಇಪ್ಪತ್ತಾದರೂ ಕೊಡಬೇಕೆಂದು ನನ್ನ ಅಭಿಪ್ರಾಯ. 1981ರ ಏಪ್ರಿಲದಲ್ಲಿ ತಂಬಾಕಿನ ಬೆಲೆಗಾಗಿ ಹೆದ್ದಾರಿಯ ಮೇಲೆ ಕುಳಿತ ರೈತರು ಗುಂಡಿಗೆ ಬಲಿಯಾದುದೂ ಅದೇ ಊರಿನಲ್ಲಿ. ಆ ಹೆಸರುಗಳೂ ಯಾವ ಗುಡಿಯ ಕಲ್ಲಿನಲ್ಲಿಯೂ ಇಲ್ಲ.

ಹಾಗಾದರೆ ಇಂಗ್ಲೆಂಡಿನ ಚರ್ಚಿನ ವಹಿಯಂತೆ ಸಾಮಾನ್ಯ ಒಕ್ಕಲಿಗನ ಹೆಸರನ್ನು ನಮ್ಮಲ್ಲಿ ಬರೆದಿಟ್ಟವರು ಯಾರು? ಗುಡಿಯೂ ಅಲ್ಲ, ವಾಡೆಯೂ ಅಲ್ಲ, ಹೆಳವರು. ಸುಗ್ಗಿಯು ಮುಗಿದು ಕಣದ ರಾಶಿಯು ಮನೆಗೆ ಬಂದ ಮೇಲೆ ಎತ್ತಿನ ಕೊರಳ ಗಂಟೆಯ ಸದ್ದಿನೊಡನೆ ಊರಿಗೆ ಬರುವ ಈ ಜನರನ್ನು ನಮ್ಮ ಸೀಮೆಯ ಹಿರಿಯರೆಲ್ಲರೂ ಬಲ್ಲರು. ತಮ್ಮ ತಮ್ಮ ಪಾಲಿಗೆ ಬಂದ ಮನೆತನಗಳ ವಂಶಾವಳಿಯನ್ನು ಕಾಪಾಡುವುದೇ ಅವರ ಕಸುಬು. ಬಾಗಿಲಲ್ಲಿ ನಿಂತು, ಈ ಮನೆಯವರ ಬೆಡಗು ಇಂತಹದು, ಮೂಲಸ್ಥಳ ಇಂತಹದು, ಕುಲದೇವತೆ ಯಡೂರ ವೀರಭದ್ರ ಇಲ್ಲವೆ ಚಿಂಚಲಿ ಮಾಯಕ್ಕ, ಮೂಲಪುರುಷನು ಇಂತಹವನು, ಅವನ ಮಕ್ಕಳು ಇಷ್ಟು ಜನ, ಬರಗಾಲದಲ್ಲಿ ಊರು ಬಿಟ್ಟವನು ಇಂತಹವನು, ಎಂದು ಏಳೆಂಟು ತಲೆಮಾರುಗಳನ್ನು ರಾಗವಾಗಿ ಒಪ್ಪಿಸುವರು. ಹಿಂದೆ ನಾಲಗೆಯೇ ಅವರ ಪುಸ್ತಕ. ಈಗ ಬರೆದ ವಹಿಗಳೂ ಇವೆ. ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನು ಕೇಳಿ ಅದರಲ್ಲಿ ಸೇರಿಸಿಕೊಂಡು, ಜೋಳ, ಬಟ್ಟೆ, ಕಾಣಿಕೆಗಳನ್ನು ಪಡೆದು ಮುಂದಿನ ಮನೆಗೆ ಹೋಗುವರು. ಅಣ್ಣತಮ್ಮಂದಿರ ಹೊಲದ ವ್ಯಾಜ್ಯಗಳಲ್ಲಿಯೂ, ಒಂದೇ ಬೆಡಗಿನವರೊಳಗೆ ಮದುವೆಯಾಗದಂತೆ ನೋಡಿಕೊಳ್ಳುವಲ್ಲಿಯೂ ಅವರ ಮಾತಿಗೆ ಬೆಲೆಯಿದ್ದಿತು. ಹೆಣ್ಣುಮಕ್ಕಳ ಹೆಸರುಗಳು ಮಾತ್ರ ಈ ವಂಶಾವಳಿಯಲ್ಲಿ ವಿರಳ. ಅವುಗಳನ್ನು ಬೀಸುವ ಕಲ್ಲಿನ ಹಾಡುಗಳಲ್ಲಿಯೇ ಹುಡುಕಬೇಕು.

ಇಂದು ನಗರಕ್ಕೆ ಹೋದ ಮಕ್ಕಳ ಮನೆಯ ವಿಳಾಸವು ಹೆಳವನಿಗೆ ಸಿಗದು. ಅವನ ಮಗನಿಗೂ ಬೇರೆ ನೌಕರಿಯಿದೆ. ಎಷ್ಟೋ ಮನೆಗಳ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಮೋಡಿ ಕಾಗದಗಳ ಗಂಟುಗಳಿವೆ. ಓದಬಲ್ಲ ಕಣ್ಣುಗಳು ಕಡಿಮೆಯಾಗಿವೆ. ಶಾಸನದ ಕಲ್ಲಿಗೆ ಭಕ್ತಿಯಿಂದ ಎಣ್ಣೆ, ಸುಣ್ಣ, ಬಣ್ಣಗಳನ್ನು ಬಳಿಯುವವರಿಗೇನೂ ಕಡಿಮೆಯಿಲ್ಲ. ನಾಲ್ಕು ಸಲ ಎಣ್ಣೆಬಣ್ಣವನ್ನು ಬಳಿದರೆ ಅಕ್ಷರದ ತಗ್ಗು ತುಂಬಿಹೋಗುತ್ತದೆ. ಅದನ್ನು ಉಜ್ಜಿ ತೆಗೆಯಹೋದರೆ ಅಕ್ಷರವೂ ಹೋಗುತ್ತದೆ. ಕಲ್ಲನ್ನು ಬರಿಯ ನೀರಿನಿಂದ ತೊಳೆದು ಬಿಟ್ಟರೆ ಸಾಕು. ಕಾಗದದ ಗಂಟನ್ನು ವರ್ಷಕ್ಕೊಮ್ಮೆ ನೆರಳಿನಲ್ಲಿ ಬಿಚ್ಚಿ ಗಾಳಿಗೆ ಹರವಿ, ಒಣಗಿದ ಬೇವಿನೆಲೆಯನ್ನಿಟ್ಟು ಕಟ್ಟಿದರೆ ಹುಳು ಹತ್ತಲಾರದು. ಬರುವ ಸುಗ್ಗಿಯ ಮೇಲೆ ಹೆಳವನು ಬಂದರೆ ಮನೆಯ ಯಜಮಾನಿಯು ಒಂದು ಚಾಪೆಯನ್ನು ಹಾಸಿ ಕುಳ್ಳಿರಿಸಲಿ. ಶಾಲೆಗೆ ಹೋಗುವ ಮೊಮ್ಮಗಳ ಕೈಗೆ ಒಂದು ವಹಿಯನ್ನು ಕೊಟ್ಟು ಅವನು ಹೇಳಿದುದನ್ನೆಲ್ಲ ಬರೆಯಿಸಲಿ. ಮುಗಿದ ಮೇಲೆ ಆ ಹುಡುಗಿಯ ಹೆಸರನ್ನೂ ಅವಳ ತಾಯಿಯ ಹೆಸರನ್ನೂ ಅವನ ವಹಿಯಲ್ಲಿ ಬರೆದುಕೊಳ್ಳೆಂದು ಹೇಳಲಿ.